ಕಮ್ಮಟದ ದೋಷವೂ ಕಾಲದ ಗಾಯವೂ

ಶಾಸನ, ಓಲೆಗರಿ, ನಾಣ್ಯ ಈ ಮೂರೂ ಕನ್ನಡ ನಾಡಿನ ಚರಿತ್ರೆಗೆ ಪ್ರಧಾನ ಆಕರಗಳೆಂಬುದು ವಿದಿತವಾದ ಸಂಗತಿ. ಈ ಮೂರನ್ನು ಅಭ್ಯಸಿಸುವವರಿಗೂ ಸಮಾನವಾದ ತೊಡಕೊಂದು ಎದುರಾಗುತ್ತದೆ. ಕಲ್ಲಿನಲ್ಲಿ ಅಕ್ಷರವೊಂದು ಕಾಣದಿದ್ದರೆ ಅದನ್ನು ಕಂಡರಿಸಿದವನೇ ಬಿಟ್ಟನೋ, ಮಳೆಗಾಳಿಗೆ ಸಿಕ್ಕಿ ಅಳಿಯಿತೋ ಎಂದು ಶಾಸನತಜ್ಞನು ವಿಚಾರಿಸಬೇಕಾಗುತ್ತದೆ. ವಚನಗಳ ಕಟ್ಟಿನಲ್ಲಿ ಪಾಠವೊಂದು ಕೆಟ್ಟಿದ್ದರೆ ಅದು ಲಿಪಿಕಾರನ ಕೈತಪ್ಪೋ, ಹುಳು ತಿಂದ ಎಡೆಯೋ, ಆಮೇಲಿನವನೊಬ್ಬನ ತಿದ್ದುಪಡಿಯೋ ಎಂದು ಸಂಪಾದಕನು ನಿರ್ಣಯಿಸಬೇಕಾಗುತ್ತದೆ. ಈ ವಿವೇಚನೆಯಿಲ್ಲದೆ ಸಿದ್ಧವಾದ ಪಾಠವು ನಂಬಿಕೆಗೆ ಅರ್ಹವಾಗದು. ನಾಣ್ಯದ ವಿಷಯದಲ್ಲಿಯೂ ಪ್ರಶ್ನೆ ಇದೇ. ಕೈಗೆ ಬಂದ ನಾಣ್ಯವೊಂದು ವಿಕಾರವಾಗಿದ್ದರೆ, ಆ ವಿಕಾರವು ಅದು ಹುಟ್ಟಿದ ಕಮ್ಮಟದಲ್ಲಿಯೇ ಬಂದುದೋ ಅಥವಾ ಕಮ್ಮಟದ ಹೊಸ್ತಿಲು ದಾಟಿದ ಮೇಲೆ ಬಂದುದೋ ಎಂಬುದನ್ನು ಮೊದಲು ತಿಳಿಯಬೇಕು. ಮೊದಲನೆಯದನ್ನು ಹುಟ್ಟುದೋಷವೆಂದೂ ಎರಡನೆಯದನ್ನು ಹಾನಿಯೆಂದೂ ಕರೆಯಬಹುದು.

ಈ ಭೇದವು ಕೇವಲ ಸಂಗ್ರಾಹಕರ ಹವ್ಯಾಸಕ್ಕೆ ಸೇರಿದುದಲ್ಲ. ಹುಟ್ಟುದೋಷವು ಕಮ್ಮಟದ ಕೆಲಸದ ಬಗೆಯನ್ನು ಹೇಳುವ ಸಾಕ್ಷಿ. ಹಾನಿಯು ನಾಣ್ಯವನ್ನು ಬಳಸಿದ ಜನರ ನಡೆವಳಿಯನ್ನು ಹೇಳುವ ಸಾಕ್ಷಿ. ಒಂದರ ಮಾತನ್ನು ಇನ್ನೊಂದರ ಬಾಯಲ್ಲಿ ಇಟ್ಟರೆ ಚರಿತ್ರೆ ಕೆಡುತ್ತದೆ. ಸವೆದು ಹೋದ ಅಕ್ಷರವನ್ನು ಬೇರೊಂದು ಅಕ್ಷರವೆಂದು ಭ್ರಮಿಸಿದರೆ ಇಲ್ಲದ ಬಿರುದೊಂದು ಹುಟ್ಟಿಕೊಳ್ಳುತ್ತದೆ. ಪೆಟ್ಟು ಬಿದ್ದ ಲಾಂಛನವನ್ನು ಹೊಸ ಲಾಂಛನವೆಂದು ಬರೆದರೆ ಇಲ್ಲದ ಪ್ರಕಾರವೊಂದು ಪಟ್ಟಿಗೆ ಸೇರುತ್ತದೆ. ಇದರ ಜೊತೆಗೆ ವ್ಯವಹಾರದ ಮಾತೂ ಇದೆ. ನಿಜವಾದ ಹುಟ್ಟುದೋಷವುಳ್ಳ ನಾಣ್ಯಕ್ಕೆ ಸಂಗ್ರಾಹಕರು ಅದರ ಮುಖಬೆಲೆಯ ಹಲವು ಪಟ್ಟು ಹಣ ತೆರುತ್ತಾರೆ. ಹಾನಿಗೊಂಡ ನಾಣ್ಯಕ್ಕೆ ಅಂಥ ಬೆಲೆಯಿಲ್ಲ. ಆದುದರಿಂದಲೇ ಹಾನಿಯನ್ನು ದೋಷವೆಂದು ತೋರಿಸಿ ಮಾರುವ ವಂಚನೆಯೂ ಬೆಳೆದಿದೆ.

'ಕಮ್ಮಟ' ಎಂಬುದು ಟಂಕಸಾಲೆಗೆ ಕನ್ನಡದಲ್ಲಿರುವ ಹಳೆಯ ಹೆಸರು. 12ನೆಯ ಶತಮಾನದಲ್ಲಿ ಬಸವಣ್ಣನವರು ಮರ್ತ್ಯಲೋಕವನ್ನೇ ಕಮ್ಮಟಕ್ಕೆ ಹೋಲಿಸಿರುವುದನ್ನು ವಚನಗಳ ಓದುಗರೆಲ್ಲ ಬಲ್ಲರು. ಆ ಹೋಲಿಕೆ ಅಂದಿನ ಕೇಳುಗರಿಗೆ ಸುಲಭವಾಗಿ ತಿಳಿಯುತ್ತಿತ್ತೆಂದರೆ, ಕಮ್ಮಟವೂ ಅಲ್ಲಿಂದ ಬಂದ ನಾಣ್ಯವು ಸಲ್ಲುವುದು ಸಲ್ಲದಿರುವುದೂ ಅವರ ದಿನನಿತ್ಯದ ಅನುಭವವಾಗಿತ್ತೆಂದೇ ಅರ್ಥ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಲೊಕ್ಕಿಗುಂಡಿಯೂ, ಅಂದರೆ ಇಂದಿನ ಲಕ್ಕುಂಡಿಯೂ, ಸೂಡಿಯೂ ಟಂಕಸಾಲೆಗಳಿದ್ದ ಊರುಗಳು. ಶಾಸನಗಳಲ್ಲಿ ಕಾಣುವ 'ಲೊಕ್ಕಿ ಗದ್ಯಾಣ' ಎಂಬ ಮಾತು ಆ ಊರಿನ ಹೆಸರನ್ನೇ ಹೊತ್ತಿದೆ. ದಾನಕೊಟ್ಟವನು ಯಾವ ಊರಿನ ಗದ್ಯಾಣವೆಂದು ಎತ್ತಿ ಹೇಳಬೇಕಾಗಿದ್ದುದರಿಂದ, ಒಂದೊಂದು ಕಮ್ಮಟದ ನಾಣ್ಯಕ್ಕೆ ಒಂದೊಂದು ಮರ್ಯಾದೆ ಇದ್ದಿತೆಂದು ಊಹಿಸಬಹುದು.

ನಾಣ್ಯಪರೀಕ್ಷೆಯೂ ಹೊಸ ವಿದ್ಯೆಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಟಂಕಸಾಲೆಯ ಮೇಲ್ವಿಚಾರಕನಾದ ಲಕ್ಷಣಾಧ್ಯಕ್ಷನೂ ನಾಣ್ಯಗಳನ್ನು ಪರೀಕ್ಷಿಸುವ ರೂಪದರ್ಶಕನೂ ಬೇರೆಬೇರೆ ಅಧಿಕಾರಿಗಳು. ಮಾಡುವವನೇ ಪರೀಕ್ಷಕನಾಗಬಾರದೆಂಬ ವಿವೇಕ ಇಲ್ಲಿ ಎದ್ದು ಕಾಣುತ್ತದೆ. ದೆಹಲಿಯ ಟಂಕಸಾಲೆಯಲ್ಲಿ ಅಧಿಕಾರಿಯಾಗಿದ್ದ ಜೈನ ವಿದ್ವಾಂಸ ಠಕ್ಕುರ ಫೇರು 1318ರಲ್ಲಿ 'ದ್ರವ್ಯಪರೀಕ್ಷಾ' ಎಂಬ ಗ್ರಂಥವನ್ನೇ ರಚಿಸಿದನು. ಕನ್ನಡ ನಾಡಿನಲ್ಲಿ ಚಿನಿವಾರರು ಒರೆಗಲ್ಲು, ತ್ರಾಸು, ಕಿವಿ ಈ ಮೂರನ್ನು ನಂಬಿ ಇದೇ ಕೆಲಸವನ್ನು ಮಾಡುತ್ತಿದ್ದರು.

ಹುಟ್ಟುದೋಷವನ್ನು ಗುರುತಿಸಬೇಕಾದರೆ ಹುಟ್ಟಿನ ಕ್ರಮವನ್ನು ತಿಳಿದಿರಬೇಕು. ಸುತ್ತಿಗೆಯ ಕಾಲದಲ್ಲಿ ಕೆಲಸವು ಹೀಗೆ ನಡೆಯುತ್ತಿತ್ತು. ಲೋಹವನ್ನು ಕರಗಿಸಿ, ಗಟ್ಟಿಮಾಡಿ, ತಕ್ಕ ತೂಕದ ತುಂಡುಗಳಾಗಿ ಕಡಿದು ಬಿಲ್ಲೆಗಳನ್ನು ಸಿದ್ಧಪಡಿಸುವುದು ಮೊದಲನೆಯ ಹಂತ. ಲಾಂಛನವನ್ನೂ ಲಿಪಿಯನ್ನೂ ತಿರುಗುಮುರುಗಾಗಿ, ತಗ್ಗಾಗಿ ಕೊರೆದ ಎರಡು ಅಚ್ಚುಗಳನ್ನು ಮಾಡುವುದು ಎರಡನೆಯದು. ಕೆಳಗಿನ ಅಚ್ಚನ್ನು ಅಡಿಗಲ್ಲಿನಲ್ಲಿ ನಾಟಿ, ಬಿಲ್ಲೆಯನ್ನು ಅದರ ಮೇಲಿಟ್ಟು, ಮೇಲಿನ ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುವುದು ಮೂರನೆಯದು. ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯಲ್ಲಿ ಮೊಗಲರ ಟಂಕಸಾಲೆಯ ಬಿಲ್ಲೆ ಕಡಿಯುವವನು, ಅಚ್ಚು ಕೊರೆಯುವವನು, ಅಚ್ಚೊತ್ತುವವನು, ಸುತ್ತಿಗೆ ಬೀಸುವವನು ಇವರೆಲ್ಲರೂ ಬೇರೆಬೇರೆಯಾಗಿ ವರ್ಣಿತರಾಗಿದ್ದಾರೆ. ಬಿಲ್ಲೆಯ ದೋಷ, ಅಚ್ಚಿನ ದೋಷ, ಹೊಡೆತದ ದೋಷ ಎಂದು ಹುಟ್ಟುದೋಷವು ಮೂರು ಬಗೆಯಾಗುವುದು ಈ ಮೂರು ಹಂತಗಳಿಂದಲೇ. ಈ ಮೂರರಲ್ಲಿ ಯಾವುದಕ್ಕೂ ಸೇರದ ವಿಕಾರವು ಹಾನಿಯೆಂದು ತಿಳಿಯತಕ್ಕದ್ದು.

ಆದರೆ ಮೊದಲು ದೋಷದಂತೆ ಕಂಡೂ ದೋಷವಲ್ಲದವನ್ನು ಬೇರ್ಪಡಿಸಬೇಕು. ಪ್ರಾಚೀನ ಭಾರತದ ಬೆಳ್ಳಿಯ ಮುದ್ರಾಂಕಿತ ನಾಣ್ಯಗಳು 32 ಗುಲಗಂಜಿಯ, ಅಂದರೆ ಸುಮಾರು 3.4 ಗ್ರಾಂ ತೂಕದವು. ಅವುಗಳ ಮೂಲೆಗಳು ಕತ್ತರಿಸಿ ಹೋಗಿರುವುದನ್ನು ಕಂಡು ಯಾರೋ ಬೆಳ್ಳಿ ಕದ್ದರೆಂದು ಎಣಿಸುವವರುಂಟು. ವಸ್ತುತಃ ತೂಕವನ್ನು ಸರಿಪಡಿಸಲು ಬಿಲ್ಲೆಯ ಮೂಲೆಯನ್ನು ಮೊದಲೇ ಕತ್ತರಿಸಿ, ಆಮೇಲೆ ಮುದ್ರೆಗಳನ್ನು ಒತ್ತುತ್ತಿದ್ದರು. ಮೂಲೆ ಕತ್ತರಿಸಿದ್ದರೂ ತೂಕ ಸರಿಯಾಗಿದೆಯೆಂಬುದೇ ಇದಕ್ಕೆ ಪ್ರಮಾಣ. ಅಂತೆಯೇ ದೇವಗಿರಿಯ ಯಾದವರ ಪದ್ಮಟಂಕಗಳು ಬಟ್ಟಲಿನಂತೆ ಒಳಬಾಗಿರುವುದು ಯಾರೋ ಬಗ್ಗಿಸಿದ್ದರಿಂದಲ್ಲ. ತೆಳುವಾದ ಚಿನ್ನದ ಬಿಲ್ಲೆಯ ಒಂದೇ ಮುಖದ ಮೇಲೆ ಬಿಡಿಬಿಡಿಯಾಗಿ ಮುದ್ರೆಗಳನ್ನು ಒತ್ತಿದ ರೀತಿಯೇ ಅದಕ್ಕೆ ಕಾರಣ.

ವಿಜಯನಗರದ ವರಹವನ್ನು ಇನ್ನೊಂದು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅದರ ತೂಕ ಸುಮಾರು 3.4 ಗ್ರಾಂ, ಗಾತ್ರವೋ ಬಲು ಚಿಕ್ಕದು, ದಪ್ಪ. ಅನೇಕ ವರಹಗಳಲ್ಲಿ ಅಚ್ಚಿನ ಸುತ್ತಳತೆ ಬಿಲ್ಲೆಗಿಂತ ದೊಡ್ಡದಾಗಿದ್ದುದರಿಂದ ಲಾಂಛನದ ಒಂದು ಪಕ್ಕವೋ ಲಿಪಿಯ ಒಂದು ಸಾಲೋ ಬಿಲ್ಲೆಯಿಂದ ಹೊರಗೆ ಉಳಿದುಹೋಗಿದೆ. ಇದು ಆ ತಂತ್ರದ ಸಹಜ ಲಕ್ಷಣವೇ ಹೊರತು ಅಪರೂಪದ ದೋಷವೂ ಅಲ್ಲ, ಹಾನಿಯೂ ಅಲ್ಲ. ಆದರೂ ಇದರಿಂದ ಓದಿನಲ್ಲಿ ತೊಡಕು ಬರುವುದುಂಟು. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳಲ್ಲಿ ಕೆಲವು 'ಶ್ರೀ ತಳಕಾಡುಗೊಂಡ' ಎಂದೂ ಕೆಲವು 'ಶ್ರೀ ನೊಣಂಬವಾಡಿಗೊಂಡ' ಎಂದೂ ಕನ್ನಡ ಲಿಪಿಯಲ್ಲಿ ಬಿರುದನ್ನು ಹೊತ್ತಿವೆ. ಬಿಲ್ಲೆ ಸರಿದು 'ಗೊಂಡ' ಎಂಬಷ್ಟೇ ಉಳಿದಿದ್ದರೆ, ಅದನ್ನು ಎರಡರಲ್ಲಿ ಯಾವುದಕ್ಕೂ ಅವಸರದಿಂದ ಸೇರಿಸಲಾಗದು. ಮೇಲಿನ ಸಾಲಿನಲ್ಲಿ ಉಳಿದ ಅಕ್ಷರದ ತುದಿಗಳನ್ನೂ ಹಿಂಬದಿಯ ಅಚ್ಚನ್ನೂ ಪೂರ್ಣವಾದ ನಾಣ್ಯಗಳೊಡನೆ ಹೋಲಿಸಿದ ಮೇಲೆಯೇ ನಿರ್ಣಯಕ್ಕೆ ಬರಬೇಕು.

ಟಿಪ್ಪುಸುಲ್ತಾನನ ನಾಣ್ಯಗಳೂ ಅನೇಕರನ್ನು ಭ್ರಮೆಗೆ ಒಳಪಡಿಸಿವೆ. ಸುಮಾರು 1787ರಿಂದ ಅವನು ಮೌಲೂದಿ ಎಂಬ ಹೊಸ ಶಕೆಯನ್ನು ನಾಣ್ಯಗಳಿಗೆ ಬಳಸಿ, ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದನು. 1215 ಎಂಬುದು ಎಡದಿಂದ ಓದುವವನಿಗೆ 5121 ಎಂದು ಕಾಣುತ್ತದೆ. ಇದು ಅಚ್ಚು ಕೊರೆದವನ ತಪ್ಪಲ್ಲ, ಅರಸನ ಕಟ್ಟಳೆ. ಅವನ ತಾಮ್ರದ ನಾಣ್ಯಗಳಲ್ಲಿ ಆನೆಯು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಮುಖಮಾಡಿರುವುದೂ ಪ್ರಕಾರಭೇದವೇ ಹೊರತು ದೋಷವಲ್ಲ.

ಇನ್ನು ಸುತ್ತಿಗೆಯ ನಾಣ್ಯದಲ್ಲಿ ನಿಜವಾಗಿ ಹುಟ್ಟುವ ದೋಷಗಳನ್ನು ನೋಡಬಹುದು. ಹೊಡೆತ ಬಿದ್ದಾಗ ನಾಣ್ಯ ಅಲುಗಿ ಎರಡನೆಯ ಪೆಟ್ಟು ಬೇರೆ ಎಡೆಗೆ ಬಿದ್ದರೆ ಲಾಂಛನ ಇಮ್ಮಡಿಯಾಗುತ್ತದೆ. ಇದಕ್ಕಿಂತ ಸ್ವಾರಸ್ಯವಾದುದು ಇನ್ನೊಂದು. ಹೊಡೆದ ನಾಣ್ಯವು ಮೇಲಿನ ಅಚ್ಚಿಗೇ ಅಂಟಿಕೊಂಡು ಉಳಿದು, ಅದನ್ನು ಗಮನಿಸದೆ ಮುಂದಿನ ಬಿಲ್ಲೆಯನ್ನಿಟ್ಟು ಹೊಡೆದರೆ, ಆ ಬಿಲ್ಲೆಯ ಮೇಲ್ಬದಿಗೆ ಅಚ್ಚಿನ ಮುದ್ರೆ ಬೀಳದೆ ಅಂಟಿದ ನಾಣ್ಯದ ಮುದ್ರೆಯೇ ಬೀಳುತ್ತದೆ. ಹೀಗಾಗಿ ಒಂದು ಮುಖದಲ್ಲಿ ಲಾಂಛನವು ಉಬ್ಬಾಗಿಯೂ ಇನ್ನೊಂದು ಮುಖದಲ್ಲಿ ಅದೇ ಲಾಂಛನವು ತಗ್ಗಾಗಿ, ಕನ್ನಡಿಯ ಪ್ರತಿಬಿಂಬದಂತೆ ತಿರುಗುಮುರುಗಾಗಿಯೂ ಕಾಣುತ್ತದೆ. ಭಾರತದ ಸಂಗ್ರಾಹಕರು ಇಂಥದನ್ನು 'ಲಖೀ' ಎಂದು ಕರೆಯುತ್ತಾರೆ. ಮನುಷ್ಯನ ಒಂದು ಕ್ಷಣದ ಅನವಧಾನ ಶತಮಾನಗಳವರೆಗೆ ಲೋಹದಲ್ಲಿ ಉಳಿಯುವ ಸೋಜಿಗ ಇದು.

ಹಾನಿಗಳಲ್ಲಿಯೂ ಚರಿತ್ರೆಯಿದೆ. ಸರಾಫರು ಬೆಳ್ಳಿಯ ರೂಪಾಯಿಯ ಒಳಗೆ ತಾಮ್ರವಿದೆಯೋ ಎಂದು ತಿಳಿಯಲು ಅದರ ಮೇಲೆ ಚಿಕ್ಕ ಮುದ್ರೆಯನ್ನೋ ಉಳಿಯ ಗಾಯವನ್ನೋ ಮಾಡುತ್ತಿದ್ದರು. ಪರೀಕ್ಷಿಸಿದ ಗುರುತಾಗಿ ಒಬ್ಬೊಬ್ಬ ಸರಾಫನ ಒಂದೊಂದು ಚಿಹ್ನೆ ನಾಣ್ಯದ ಮೇಲೆ ಕೂಡುತ್ತಿತ್ತು. ಹಳೆಯ ನಾಣ್ಯಕ್ಕೆ ವಟ್ಟ ಕಳೆಯುವ ಪದ್ಧತಿಯೂ ಇದ್ದಿತು. ಇವು ಹಾನಿಗಳೇ, ಆದರೆ ಹಣ ಯಾವ ಹಾದಿಯಲ್ಲಿ ಕೈಯಿಂದ ಕೈಗೆ ಹೋಯಿತೆಂಬುದನ್ನು ಇವು ಹೇಳುತ್ತವೆ. ಇವನ್ನು ಕಮ್ಮಟದ ಮುದ್ರೆಯೆಂದು ತಿಳಿಯಬಾರದು. ಸರಾಫನ ಮುದ್ರೆ ಲಾಂಛನದ ಮೇಲೆಯೇ ಅಡ್ಡಲಾಗಿ ಬಿದ್ದು, ಅಡಿಯಲ್ಲಿದ್ದ ಗೆರೆಗಳನ್ನು ಹಿಸುಕಿರುತ್ತದೆ. ಹಲವೊಮ್ಮೆ ಅದರ ಹಿಂಬದಿಯಲ್ಲಿ ಸ್ವಲ್ಪ ಉಬ್ಬು ಎದ್ದಿರುತ್ತದೆ. ಕಮ್ಮಟದಲ್ಲಿ ಒಂದೇ ಪೆಟ್ಟಿಗೆ ಮೂಡಿದ ಗೆರೆಗಳು ಹೀಗೆ ಒಂದನ್ನೊಂದು ತುಳಿಯುವುದಿಲ್ಲ.

ಕನ್ನಡ ನಾಡಿನ ಮನೆಗಳಲ್ಲಿ ಅತಿಯಾಗಿ ಕಾಣುವ ಹಾನಿ ಒಡವೆಯಿಂದ ಬಂದುದು. ಕಾಸಿನ ಸರಕ್ಕೆ ಪೋಣಿಸಲೆಂದು ನಾಣ್ಯದ ತಲೆಗೆ ಬೆಸೆದ ಕುಣಿಕೆಯನ್ನು ಮುಂದೆ ತೆಗೆದಾಗ, ಅಲ್ಲಿ ಅಂಚು ಉಬ್ಬಿಯೋ ತಗ್ಗಿಯೋ ಉಳಿಯುತ್ತದೆ. ಬೆಸುಗೆಯ ಬಣ್ಣ ಉಳಿದ ಲೋಹದ ಬಣ್ಣಕ್ಕೆ ಹೊಂದುವುದಿಲ್ಲ. ಅಂಚಿನ ಗೆರೆಗಳು ಆ ಒಂದೆಡೆಯಲ್ಲಿ ಮಾತ್ರ ಅಳಿದಿರುತ್ತವೆ. ಇದನ್ನು ಅಚ್ಚು ಒಡೆದ ದೋಷವೆಂದು ಹೇಳಿ ಮಾರುವವರುಂಟು. ಬೆಳ್ಳಿಯ ರೂಪಾಯಿಗೆ ಚಿನ್ನದ ಮುಲಾಮು ಹಾಕಿಸಿ ಕೊರಳಿಗೆ ಕಟ್ಟಿದ್ದು, ಬಳಿಕ ಆ ಮುಲಾಮು ಉಬ್ಬಿದ ಎಡೆಗಳಲ್ಲಿ ಅಳಿದು ತಗ್ಗಿನಲ್ಲಿ ಮಾತ್ರ ಉಳಿದಿದ್ದರೆ, ಅದನ್ನು ಬೇರೆ ಲೋಹದ ನಾಣ್ಯವೆಂದು ಭ್ರಮಿಸುವುದೂ ಉಂಟು. ಎತ್ತರದ ಎಡೆಯಲ್ಲಿ ಒಳಗಿನ ಬಿಳುಪು ಕಂಡರೆ ಸಂಶಯ ತೀರುತ್ತದೆ.

ಯಂತ್ರದ ಕಾಲ ಬಂದ ಮೇಲೆ ದೋಷದ ಅರ್ಥವೇ ಬದಲಾಯಿತು. ಇಂಗ್ಲೆಂಡಿನ ಸೋಹೋ ಎಂಬಲ್ಲಿ ಮ್ಯಾಥ್ಯೂ ಬೋಲ್ಟನ್ ಉಗಿಯಂತ್ರದಿಂದ ನಾಣ್ಯ ಒತ್ತುವ ಕ್ರಮವನ್ನು ಬೆಳೆಸಿ, 1790ರ ದಶಕದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಗಾಗಿ ಮುಂಬಯಿ ಮತ್ತು ಮದರಾಸು ಆಧಿಪತ್ಯಗಳ ತಾಮ್ರದ ನಾಣ್ಯಗಳನ್ನು ಒತ್ತಿಕೊಟ್ಟನು. ಅಂಥ ಯಂತ್ರಗಳುಳ್ಳ ಹೊಸ ಟಂಕಸಾಲೆ 1829ರಲ್ಲಿ ಕಲಕತ್ತೆಯಲ್ಲಿ ಕೆಲಸಕ್ಕೆ ತೊಡಗಿತು. 1835ರ ಕಾಯಿದೆಯಿಂದ ಕಂಪನಿಯ ಆಳ್ವಿಕೆಯ ಪ್ರದೇಶಕ್ಕೆಲ್ಲ 180 ಗ್ರೇನ್, ಅಂದರೆ 11.66 ಗ್ರಾಂ ತೂಕದ ಒಂದೇ ಬಗೆಯ ರೂಪಾಯಿ ಬಂದಿತು. ಸುತ್ತಿಗೆಯ ನಾಣ್ಯಗಳಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ. ಯಂತ್ರದ ನಾಣ್ಯಗಳಲ್ಲಿ ಎಲ್ಲವೂ ಒಂದೇ. ಆದುದರಿಂದ ಅಲ್ಲಿ ಸಾಮಾನ್ಯವಾಗಿದ್ದ ವಕ್ರತೆ ಇಲ್ಲಿ ದೋಷವೆನಿಸುತ್ತದೆ.

ಯಂತ್ರದಲ್ಲಿ ಲೋಹದ ಪಟ್ಟಿಯಿಂದ ಬಿಲ್ಲೆಗಳನ್ನು ಕತ್ತರಿಸಿ, ಅವುಗಳ ಅಂಚನ್ನು ಒತ್ತಿ ಏರಿಸಿ, ಬಳಿಕ 'ಕಾಲರ್' ಎಂಬ ಉಕ್ಕಿನ ಬಳೆಯೊಳಗೆ ಇಟ್ಟು ಎರಡು ಅಚ್ಚುಗಳ ನಡುವೆ ಒತ್ತುತ್ತಾರೆ. ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಮೊದಲು ಕತ್ತರಿಸಿದ ರಂಧ್ರದ ಮೇಲೆಯೇ ಎರಡನೆಯ ಕತ್ತರಿ ಬಿದ್ದು ಬಿಲ್ಲೆಯ ಒಂದು ಪಕ್ಕ ಚಂದ್ರನ ಕಲೆಯಂತೆ ಕಚ್ಚಿ ಹೋಗುತ್ತದೆ. ಇದು ನಿಜವಾದ ದೋಷ. ಆದರೆ ಅರದಿಂದ ಉಜ್ಜಿಯೂ ಇಂಥದನ್ನು ಮಾಡಬಹುದು. ಇವೆರಡನ್ನು ಬೇರ್ಪಡಿಸುವ ಲಕ್ಷಣ ಸ್ಪಷ್ಟವಾಗಿದೆ. ನಿಜವಾದ ಕಚ್ಚಿನಲ್ಲಿ, ಅದಕ್ಕೆ ಸರಿಯಾಗಿ ಎದುರಿನ ಅಂಚು ದುರ್ಬಲವಾಗಿರುತ್ತದೆ. ಏಕೆಂದರೆ ಅಂಚನ್ನು ಏರಿಸುವ ಯಂತ್ರದಲ್ಲಿ ಈ ಪಕ್ಕ ಲೋಹವಿಲ್ಲದಿದ್ದುದರಿಂದ ಆ ಪಕ್ಕಕ್ಕೂ ಒತ್ತಡ ಸಿಕ್ಕಿರುವುದಿಲ್ಲ. ಇದನ್ನು ತಜ್ಞರು ಬ್ಲೇಕ್ಸ್‌ಲಿ ಪರಿಣಾಮವೆನ್ನುತ್ತಾರೆ. ಅಲ್ಲದೆ ಕಚ್ಚಿನ ಬಳಿಯ ಅಕ್ಷರಗಳು ಮೆಲ್ಲನೆ ಕಿರಿದಾಗಿ ಅದರ ಕಡೆಗೆ ಹರಿದಂತೆ ಇರುತ್ತವೆ. ಅರದಿಂದ ಉಜ್ಜಿದ ನಾಣ್ಯದಲ್ಲಿ ಎದುರಿನ ಅಂಚು ಪೂರ್ಣವಾಗಿದ್ದು, ಅಕ್ಷರ ಕೊಯ್ದಂತೆ ತುಂಡಾಗಿರುತ್ತದೆ.

ಅಚ್ಚಿನ ದೋಷಕ್ಕೆ ಬೇರೊಂದು ಸೂತ್ರವಿದೆ. ಅಚ್ಚು ಬಿರಿದರೆ ಬಿರುಕಿನೊಳಗೆ ಲೋಹ ಹೊಕ್ಕು ನಾಣ್ಯದ ಮೇಲೆ ಉಬ್ಬಿದ ಗೆರೆ ಮೂಡುತ್ತದೆ. ಗೀರು ಬಿದ್ದರೆ ನಾಣ್ಯದಲ್ಲಿ ತಗ್ಗು ಬೀಳುತ್ತದೆ. ಉಬ್ಬಿದ ಗೆರೆ ಅಚ್ಚಿನದು, ತಗ್ಗಿದ ಗೆರೆ ಕೈಯದು ಎಂಬುದು ಸ್ಥೂಲವಾದ ನಿಯಮ. ಅಚ್ಚಿನ ಅಂಚೇ ಒಡೆದು ಉದುರಿದರೆ ನಾಣ್ಯದ ಅಂಚಿನಲ್ಲಿ ಗುರುತಿಲ್ಲದ ಲೋಹದ ಗಡ್ಡೆ ಏಳುತ್ತದೆ. ಆದರೆ ನಿಯಮಕ್ಕೆ ಅಪವಾದವೂ ಇದೆ. ಅಚ್ಚಿಗೂ ಬಿಲ್ಲೆಗೂ ನಡುವೆ ದಾರವೋ ಲೋಹದ ಚೂರೋ ಸಿಕ್ಕಿದರೆ ಕಮ್ಮಟದಲ್ಲಿಯೇ ತಗ್ಗು ಬೀಳುವುದು. ಇಂಥ ತಗ್ಗಿನ ತಳ ನುಣುಪಾಗಿದ್ದು ಬದಿಗಳಲ್ಲಿ ಏಣು ಇರುವುದಿಲ್ಲ. ಮೊನೆಯಿಂದ ಗೀರಿದ ತಗ್ಗಿನ ಬದಿಗಳಲ್ಲಾದರೋ ನೇಗಿಲ ಸಾಲಿನ ಮಣ್ಣಿನಂತೆ ಲೋಹ ಎದ್ದಿರುತ್ತದೆ. ಭೂತಗನ್ನಡಿಯಲ್ಲಿ ಇದು ಸುಲಭವಾಗಿ ಕಾಣುತ್ತದೆ.

ಅಕ್ಷರವೊಂದು ಪೂರ್ತಿ ಕಾಣೆಯಾಗುವುದಕ್ಕೂ ಎರಡು ಕಾರಣಗಳಿರಬಹುದು. ಅಚ್ಚಿನ ತಗ್ಗಿನಲ್ಲಿ ಗ್ರೀಸು ಮತ್ತು ಕೊಳೆ ತುಂಬಿ ಲೋಹ ಒಳಹೋಗದಿದ್ದರೆ ಅಕ್ಷರ ಮೂಡುವುದಿಲ್ಲ. ಆಗ ಆ ಎಡೆ ಸುತ್ತಲಿನ ಬಯಲಿನ ಮಟ್ಟದಲ್ಲಿಯೇ ಇದ್ದು, ಪಕ್ಕದ ಅಕ್ಷರಗಳೂ ಕ್ರಮವಾಗಿ ಮಸುಕಾಗಿರುತ್ತವೆ. ಯಾರಾದರೂ ಅಕ್ಷರವನ್ನು ಕೆರೆದು ತೆಗೆದಿದ್ದರೆ ಆ ಎಡೆ ಸ್ವಲ್ಪ ಕುಳಿಬಿದ್ದಿದ್ದು, ಹೊಳಪು ಬೇರೆಯಾಗಿ, ಉಪಕರಣದ ಸಣ್ಣ ಗೆರೆಗಳು ಒಂದೇ ದಿಕ್ಕಿನಲ್ಲಿ ಕಾಣುತ್ತವೆ.

ಹೊಡೆತದ ದೋಷಗಳಲ್ಲಿ ವಂಚಕರ ಕೈಗೆ ಹೆಚ್ಚಾಗಿ ಸಿಕ್ಕಿರುವುದು ಮೇಲೆ ಹೇಳಿದ ಲಖೀ. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ವೈಸಿನಲ್ಲಿ ಬಿಗಿದು ಹಿಸುಕಿದರೆ, ಒಂದರ ಚಿತ್ರ ಇನ್ನೊಂದರ ಮೇಲೆ ತಗ್ಗಾಗಿ ಬೀಳುವುದು ನಿಜ. ಆದರೆ ಆ ಮುಖದಲ್ಲಿ ಮೊದಲಿದ್ದ ಉಬ್ಬುಚಿತ್ರದ ಅವಶೇಷವೂ ಚಪ್ಪಟೆಯಾಗಿ ಉಳಿದಿರುತ್ತದೆ. ಹಿಂದಿನ ಮುಖವೂ ಒತ್ತಡಕ್ಕೆ ಸಿಕ್ಕಿ ಚಪ್ಪಟೆಯಾಗಿರುತ್ತದೆ. ನಿಜವಾದ ಲಖೀಯ ಆ ಮುಖದಲ್ಲಿ ಬೇರೆ ಚಿತ್ರದ ಸುಳಿವೇ ಇರುವುದಿಲ್ಲ. ಹಿಂದಿನ ಮುಖ ಅಚ್ಚಿನಲ್ಲಿ ಕುಳಿತಿದ್ದುದರಿಂದ ಸ್ಫುಟವಾಗಿರುತ್ತದೆ. ಹೀಗೆಯೇ ಕಾಲರ್ ಇಲ್ಲದೆ ಒತ್ತಿದ ನಾಣ್ಯ ಅಗಲವಾಗಿ ಹರಡಿ, ಅಂಚಿನ ಗೆರೆಗಳಿಲ್ಲದೆ ಇದ್ದರೂ ನಡುವಿನ ಚಿತ್ರ ಚೆನ್ನಾಗಿ ಮೂಡಿರುತ್ತದೆ. ರೈಲುಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯದಲ್ಲಿ ಚಿತ್ರವೂ ಅಕ್ಷರವೂ ಎಳೆದಂತೆ ಹಿಗ್ಗಿ ಮಾಸಿರುತ್ತವೆ.

ಬೇರೆ ಲೋಹದ ಬಿಲ್ಲೆಗೆ ಅಚ್ಚೊತ್ತಿದ ದೋಷವನ್ನು ತ್ರಾಸು ನಿರ್ಣಯಿಸುತ್ತದೆ. 1992ರಿಂದ ಬಂದ ತುಕ್ಕುಹಿಡಿಯದ ಉಕ್ಕಿನ ಒಂದು ರೂಪಾಯಿಯ ತೂಕ 4.85 ಗ್ರಾಂ, ಅಡ್ಡಳತೆ 25 ಮಿಲಿಮೀಟರ್. ಅದನ್ನು ಅಯಸ್ಕಾಂತ ಸೆಳೆಯುತ್ತದೆ. ಅಂಥ ನಾಣ್ಯಕ್ಕೆ ತಾಮ್ರದ ಲೇಪ ಕೊಟ್ಟು ತಾಮ್ರದ ರೂಪಾಯಿಯೆಂದು ತೋರಿಸಿದರೂ ತೂಕ ಮತ್ತು ಅಯಸ್ಕಾಂತಗಳನ್ನು ವಂಚಿಸಲಾಗದು. ಆಮ್ಲದಲ್ಲಿ ಮುಳುಗಿಸಿ ತೆಳುವಾಗಿಸಿದ ನಾಣ್ಯವೂ ಹೀಗೆಯೇ ಸಿಕ್ಕಿಬೀಳುತ್ತದೆ: ತೂಕ ಇಳಿದಿರುತ್ತದೆ, ಎಲ್ಲ ಗೆರೆಗಳೂ ಸಮನಾಗಿ ಕರಗಿದಂತೆ ಮೊಂಡಾಗಿರುತ್ತವೆ. ಎರಡು ಲೋಹಗಳ ಹತ್ತು ರೂಪಾಯಿಯ ನಡುಬಿಲ್ಲೆಯನ್ನು ಹೊರತಳ್ಳಿ ತಿರುಗಿಸಿ ಕೂಡಿಸಿದರೆ, ಎರಡು ಲೋಹಗಳು ಕೂಡುವ ಎಡೆಯಲ್ಲಿ ಸಂದೂ ತಿಕ್ಕಿದ ಗುರುತೂ ಉಳಿಯುತ್ತವೆ. ಎರಡೂ ಕಡೆ ತಲೆಯಿರುವ ನಾಣ್ಯವೆಂದು ತೋರಿಸುವುದು ಸಾಮಾನ್ಯವಾಗಿ ಎರಡು ನಾಣ್ಯಗಳನ್ನು ಅರ್ಧರ್ಧ ಕೊರೆದು ಕೂಡಿಸಿದ ಇಂದ್ರಜಾಲದವರ ಸಾಮಗ್ರಿ. ಕಲ್ಲಿನ ಮೇಲೆ ಹಾಕಿದರೆ ಅದರ ನಾದ ಬೋಳಾಗಿರುತ್ತದೆ. ಅಂಚಿನ ಒಳಗೆ ಬೆಸುಗೆಯ ಗೆರೆ ಕಾಣುತ್ತದೆ.

ಯಂತ್ರಯುಗದಲ್ಲಿಯೂ ದೋಷದಂತೆ ಕಂಡು ದೋಷವಲ್ಲದವುಂಟು. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯನ್ನು ಅದೇ ವರ್ಷಾಂಕದಿಂದ 1874ರವರೆಗೆ ಒತ್ತಲಾಯಿತು. ಮುಂಬಯಿಯ ಆ ನಾಣ್ಯಗಳಲ್ಲಿ ಕಾಣುವ ಚುಕ್ಕೆಗಳು ನಿಜವಾಗಿ ಒತ್ತಿದ ವರ್ಷವನ್ನು ಸೂಚಿಸುವ ಸಂಕೇತಗಳೇ ಹೊರತು ಅಚ್ಚಿನ ಕಲೆಗಳಲ್ಲ. 1988ರಲ್ಲಿ ಕೆಲಸ ಆರಂಭಿಸಿದ ನೋಯ್ಡಾ ಟಂಕಸಾಲೆಯ ಗುರುತೂ ವರ್ಷಾಂಕದ ಕೆಳಗಿನ ಚುಕ್ಕೆ. ಮುಂಬಯಿಯದು ವಜ್ರಾಕೃತಿ, ಹೈದರಾಬಾದಿನದು ನಕ್ಷತ್ರ. ಕಲಕತ್ತೆಯ ನಾಣ್ಯಕ್ಕೆ ಗುರುತೇ ಇಲ್ಲ. ಗುರುತಿಲ್ಲದ್ದನ್ನು 'ಗುರುತು ಬಿಟ್ಟುಹೋದ' ದೋಷವೆಂದು ಮಾರುವುದನ್ನು ನಂಬಬಾರದು.

1911ರ ರೂಪಾಯಿಯ ಕಥೆ ಇನ್ನೂ ಬೇರೆ. ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲಿನ ಪದಕದಲ್ಲಿ ಆನೆಯನ್ನು ಕೊರೆಯಲಾಗಿತ್ತು. ಸೊಂಡಿಲು ಗಿಡ್ಡವಾಗಿದ್ದುದರಿಂದ ಅದು ಹಂದಿಯಂತೆ ಕಂಡು ಜನ ಅಸಮಾಧಾನಗೊಂಡರು. ಒತ್ತಿದ್ದ ಸುಮಾರು 94 ಲಕ್ಷ ನಾಣ್ಯಗಳಲ್ಲಿ ಚಲಾವಣೆಗೆ ಬಂದುದು ಸುಮಾರು 7 ಲಕ್ಷ. ಉಳಿದವನ್ನು ಕರಗಿಸಿ, 1912ರಲ್ಲಿ ಸೊಂಡಿಲನ್ನು ತಿದ್ದಿ ಹೊಸ ಅಚ್ಚು ಮಾಡಿಸಿದರು. ಇಲ್ಲಿ ಬಿಲ್ಲೆಯಲ್ಲಿ ದೋಷವಿಲ್ಲ, ಹೊಡೆತದಲ್ಲಿ ದೋಷವಿಲ್ಲ. ಇರುವುದು ವಿನ್ಯಾಸದ ದೋಷ. ಕಮ್ಮಟವು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಪ್ರಕೃತಿಯಿಂದ ಬಂದ ಹಾನಿಗೆ ಒಂದು ಪ್ರಸಿದ್ಧ ನಿದರ್ಶನ, ಮದರಾಸು ಆಧಿಪತ್ಯಕ್ಕೆಂದು 1808ರಲ್ಲಿ ಸೋಹೋದಲ್ಲಿ ಒತ್ತಿದ 10 ಮತ್ತು 20 ಕಾಸಿನ ತಾಮ್ರದ ನಾಣ್ಯಗಳು. ಅವನ್ನು ಹೊತ್ತ 'ಅಡ್ಮಿರಲ್ ಗಾರ್ಡನರ್' ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್‌ವಿನ್ ಮರಳದಿಣ್ಣೆಯಲ್ಲಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಆ ನಾಣ್ಯಗಳನ್ನು ರಾಶಿರಾಶಿಯಾಗಿ ಮೇಲೆ ತಂದರು. ಉಪ್ಪುನೀರು ತಾಕಿದ ನಾಣ್ಯಗಳ ಮೈ ಕುಳಿಬಿದ್ದು, ಅಕ್ಷರಗಳು ತಿಂದುಹೋಗಿವೆ. ಒಂದೇ ಅಚ್ಚಿನಿಂದ ಒಂದೇ ಕಾಲದಲ್ಲಿ ಹುಟ್ಟಿದ ನಾಣ್ಯಗಳಲ್ಲಿಯೂ ಬಿದ್ದ ನೆಲೆಗೆ ತಕ್ಕಂತೆ ಗತಿ ಬೇರೆಯಾಗುವುದೆಂಬುದನ್ನು ಇವು ತೋರಿಸುತ್ತವೆ.

ಇವೆಲ್ಲವನ್ನೂ ಕೂಡಿಸಿ ನೋಡಿದಾಗ ಪರೀಕ್ಷೆಯ ಮುಖ್ಯ ತತ್ತ್ವವೊಂದು ಸ್ಪಷ್ಟವಾಗುತ್ತದೆ. ಗ್ರಂಥಸಂಪಾದನೆಯಲ್ಲಿ ಎರಡು ಪ್ರತಿಗಳಲ್ಲಿ ಒಂದೇ ಬಗೆಯ ತಪ್ಪು ಕಂಡರೆ ಅವೆರಡೂ ಒಂದೇ ಮೂಲದಿಂದ ಬಂದವೆಂದು ಊಹಿಸುತ್ತಾರೆ. ನಾಣ್ಯದಲ್ಲಿಯೂ ಹಾಗೆಯೇ. ಅಚ್ಚಿನ ದೋಷವು ಆ ಅಚ್ಚಿನಿಂದ ಮುಂದೆ ಬಂದ ನಾಣ್ಯಗಳಲ್ಲಿಯೂ ಮರುಕಳಿಸುತ್ತದೆ. ಹಾನಿಯು ಆಯಾ ನಾಣ್ಯಕ್ಕಷ್ಟೇ ಸೀಮಿತ. ಅಲ್ಲದೆ ಅಚ್ಚಿನ ಬಿರುಕು ದಿನದಿನಕ್ಕೆ ಹಿರಿದಾಗುವುದರಿಂದ, ಕಿರಿದಾದ ಬಿರುಕಿನ ನಾಣ್ಯ ಮೊದಲು, ಹಿರಿದಾದ ಬಿರುಕಿನದು ಆಮೇಲೆ ಎಂದು ಕಾಲಕ್ರಮವನ್ನೂ ಕಟ್ಟಬಹುದು. ವರ್ಷಾಂಕವಿಲ್ಲದ ವರಹಗಳ ಅಧ್ಯಯನಕ್ಕೆ ಇದೊಂದು ಬೆಲೆಯುಳ್ಳ ಸಾಧನ. ಬಿಲ್ಲೆಯ ದೋಷವೂ ಹೊಡೆತದ ದೋಷವೂ ಒಂಟಿಯಾಗಿ ಬಂದರೂ, ಅವುಗಳಿಗೆ ಕಮ್ಮಟದ ಕ್ರಿಯೆಯಲ್ಲಿ ಕಾರಣ ತೋರಿಸಬಹುದು. ಯಾವ ಹಂತದಲ್ಲಿ ಇದು ಹೇಗೆ ಸಂಭವಿಸಿತೆಂಬ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಅದನ್ನು ದೋಷವೆಂದು ಒಪ್ಪಬಾರದು.

ಇಂಥ ನಾಣ್ಯಗಳು ಮನೆಯಲ್ಲಿಯೋ ಹೊಲದಲ್ಲಿಯೋ ದೊರೆತಾಗ ನಡೆದುಕೊಳ್ಳಬೇಕಾದ ರೀತಿಯನ್ನೂ ಇಲ್ಲಿ ಹೇಳುವುದು ಉಚಿತ. ಹಳೆಯ ತಾಮ್ರದ ನಾಣ್ಯವನ್ನು ಪೂಜಾಪಾತ್ರೆಯಂತೆ ಹುಣಸೆಹಣ್ಣು ಹಾಕಿ ತಿಕ್ಕುವುದು ರೂಢಿಯಲ್ಲಿದೆ. ಅದರಿಂದ ಕಿಲುಬಿನೊಡನೆ ಅಕ್ಷರದ ಸೂಕ್ಷ್ಮವಾದ ಏಣೂ, ಮೇಲೆ ಹೇಳಿದ ಪರೀಕ್ಷೆಗೆ ಬೇಕಾದ ಸುಳಿವುಗಳೂ ಹೋಗಿಬಿಡುತ್ತವೆ. ತಿಕ್ಕಿದ ನಾಣ್ಯ ಹೊಳೆಯುತ್ತದೆ, ಆದರೆ ಮಾತನಾಡುವುದಿಲ್ಲ. ನೆಲದಲ್ಲಿ ನಿಧಿ ದೊರೆತರೆ ಸರ್ಕಾರದ ಅಧಿಕಾರಿಗೆ ತಿಳಿಸಬೇಕೆಂಬ ಕಟ್ಟಳೆ 1878ರ ಭಾರತೀಯ ನಿಧಿ ಕಾಯಿದೆಯ ಕಾಲದಿಂದಲೂ ಇದೆ. ಒಂದು ಗಡಿಗೆಯಲ್ಲಿ ಕೂಡಿ ಸಿಕ್ಕಿದ ನಾಣ್ಯಗಳನ್ನು ಬಿಡಿಬಿಡಿಯಾಗಿ ಹಂಚಿಬಿಟ್ಟರೆ, ಒಂದರ ದೋಷವನ್ನು ಇನ್ನೊಂದರೊಡನೆ ಹೋಲಿಸಿ ನೋಡುವ ದಾರಿಯೇ ಮುಚ್ಚುತ್ತದೆ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುವೆವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಮುಂಗಡ ಹಣ ಕೇಳುವ ವಂಚಕರ ಬಗ್ಗೆ ಆ ಬ್ಯಾಂಕು 2021ರ ಆಗಸ್ಟಿನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ತೂಗಿ ನೋಡದೆ, ಜೊತೆಯ ನಾಣ್ಯದೊಡನೆ ಹೋಲಿಸದೆ, ಹಣ ಕೊಡುವುದೂ ಕೊಳ್ಳುವುದೂ ಸಲ್ಲದು.

ಪಂಡಿತರು ನಾಣ್ಯವನ್ನು ಚರಿತ್ರೆಯ ಮೌನಸಾಕ್ಷಿಯೆಂದು ಕರೆಯುವುದುಂಟು. ಸಾಕ್ಷಿಯ ಮಾತನ್ನು ಒಪ್ಪುವ ಮೊದಲು ಅದರ ಮೈಮೇಲಿನ ಕಲೆ ಹುಟ್ಟಿನದೋ ಪೆಟ್ಟಿನದೋ ಎಂದು ವಿಚಾರಿಸುವುದು ನ್ಯಾಯ. 1820ರಲ್ಲಿ ಕಾಶಿಯ ಟಂಕಸಾಲೆಗೆ ಲೋಹಪರೀಕ್ಷಕನಾಗಿ ಬಂದು ಮುಂದೆ ಕಲಕತ್ತೆಯಲ್ಲಿ ಅದೇ ಹುದ್ದೆಯನ್ನು ಹಿಡಿದ ಜೇಮ್ಸ್ ಪ್ರಿನ್ಸೆಪ್, ಸವೆದ ನಾಣ್ಯಗಳನ್ನೂ ಶಿಲಾಲೇಖಗಳನ್ನೂ ಒಂದರೊಡನೊಂದು ತಾಳ್ಮೆಯಿಂದ ಹೋಲಿಸಿ 1837ರಲ್ಲಿ ಬ್ರಾಹ್ಮೀಲಿಪಿಯ ಗುಟ್ಟನ್ನು ಬಿಡಿಸಿದನು. ಅಶೋಕನ ಮಾತುಗಳು ಲೋಕಕ್ಕೆ ಮತ್ತೆ ಕೇಳಿಸಿದುದು ಆ ಓದಿನಿಂದ. ಲೋಹವನ್ನು ತೂಗುವ ಕಣ್ಣೇ ಅಕ್ಷರವನ್ನು ಓದುವ ಕಣ್ಣೂ ಆದುದು ಆಕಸ್ಮಿಕವಲ್ಲ. ಕಂಡುದನ್ನು ಕಂಡಷ್ಟೇ ಹೇಳುವುದು, ಅಳಿದುದನ್ನು ಅಳಿದುದೆಂದೇ ಬರೆಯುವುದು, ಇಲ್ಲದುದನ್ನು ಕಲ್ಪಿಸದಿರುವುದು ಈ ವಿದ್ಯೆಯ ಶೀಲ. ಓಲೆಗರಿಯನ್ನು ಹಿಡಿದ ವಿದ್ಯಾರ್ಥಿಗೂ ಹಳೆಯ ಕಾಸನ್ನು ಹಿಡಿದ ಗೃಹಸ್ಥನಿಗೂ ಅದು ಸಮಾನವಾಗಿ ಅವಶ್ಯಕ.